ನುಂಗಿದ ಅವಮಾನ
ಅಮೆರಿಕದಲ್ಲಿ 1995ರಲ್ಲಿ ಶುರುವಾದ, ಸುಮಾರು 59,000 ಕಪ್ಪು ಮಹಿಳೆಯರ ಆರೋಗ್ಯ ಅಧ್ಯಯನ ಒಂದು ಕಹಿ ಸಂಗತಿ ಹೇಳಿತು: ಅಂಗಡಿ, ಹೋಟೆಲುಗಳಲ್ಲಿ ದಿನನಿತ್ಯ ವರ್ಣದ್ವೇಷ ಹೆಚ್ಚು ಎದುರಿಸಿದವರ ತೂಕ 8 ವರ್ಷಗಳಲ್ಲಿ ಉಳಿದವರಿಗಿಂತ ಹೆಚ್ಚು ಏರಿತ್ತು. ಬಿಡದ ಒತ್ತಡ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಏರಿಸಿ ಹೊಟ್ಟೆಯ ಸುತ್ತ ಕೊಬ್ಬು ಕೂಡಿಸಬಲ್ಲದು ಎಂಬುದು ಒಂದು ವಿವರಣೆ. ಬೈಂದೂರಿನ ಕಡೆಯವರಿಗೆ ಇದನ್ನು ಓದಿದರೆ ನಮ್ಮ ಕರಾವಳಿಯ ಆದಿವಾಸಿ ಸಮುದಾಯವಾದ ಕೊರಗರು ನೆನಪಾಗಬೇಕು. ಬಸುರಿಯರ, ಕಾಯಿಲೆಯವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ಉಣಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಿ ಕಾನೂನು ಬಂದದ್ದು 2000ದಲ್ಲಿ, ಅಂದರೆ ಮೊನ್ನೆ ಮೊನ್ನೆ. ಅವಮಾನವನ್ನೇ ತುತ್ತು ಮಾಡಿ ನುಂಗಿಸಿದ ಕರಾವಳಿ ನಮ್ಮದು. ಇಲ್ಲಿ ಆ ಮೈಗಳು ದಪ್ಪವಾಗಲಿಲ್ಲ, ಅಪೌಷ್ಟಿಕತೆ, ರಕ್ತಹೀನತೆಯಲ್ಲಿ ಸೊರಗಿದವು. ಅವರಿಗೆ ಸರ್ಕಾರ ಕೊಡುವ ಬೇಳೆ, ಮೊಟ್ಟೆ ಬೇಕೇ ಬೇಕು. ಆದರೆ ಕೊರಗರ ಕಾಲೊನಿಯಲ್ಲಿ ತೂಕ ನೋಡುವ ಆರೋಗ್ಯ ಸಿಬ್ಬಂದಿ, ‘ಮದುವೆ ಊಟದಲ್ಲಿ ನಿಮ್ಮನ್ನು ಎಲ್ಲಿ ಕೂರಿಸುತ್ತಾರೆ?’ ಎಂದೂ ಕೇಳಬೇಕು.