ಆಸ್ಪತ್ರೆ ಗೇಣಿಗೆ ಕೊಡುವ ಗದ್ದೆಯಲ್ಲ

ನಮ್ಮ ಜಿಲ್ಲೆಯಲ್ಲಿ ವೈದ್ಯಕೀಯ ಕಾಲೇಜಿಗೆ ಬರವಿಲ್ಲ. ಮಂಗಳೂರು ಮತ್ತು ಅದರ ಸುತ್ತುಮುತ್ತ ಏಳು, ಸುಳ್ಯದಲ್ಲಿ 2002ರಿಂದ ಒಂದು, ಒಟ್ಟು ಎಂಟು. ಎಂಟಕ್ಕೆ ಎಂಟೂ ಖಾಸಗಿಯವರವು. ಸರಕಾರದ್ದು ಒಂದೂ ಇಲ್ಲ. ವೈದ್ಯರನ್ನು ತಯಾರು ಮಾಡುವ ಎಂಟು ಕಾರ್ಖಾನೆಗಳಿರುವ ಈ ಜಿಲ್ಲೆಯಲ್ಲಿ, ಕಡಬದ ತೋಟದಲ್ಲಿ ಅಡಿಕೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಕೂಲಿಯಾಳನ್ನು ಮಂಗಳೂರಿನ ವೆನ್ಲಾಕಿಗೆ ಸಾಗಿಸಬೇಕು. ಸುಳ್ಯದ ರಬ್ಬರು ತೋಟದ ಕೆಲಸಗಾರನಿಗೆ ಹಾವು ಕಚ್ಚಿದರೂ, ಸ್ಥಿತಿ ಬಿಗಡಾಯಿಸಿದ ಮೇಲೆ 80 ಕಿಲೋಮೀಟರಿಗೂ ಮೀರಿದ ಅದೇ ದಾರಿ. ಕಿಸೆಯಲ್ಲಿ ಹಣವಿದ್ದವನಿಗೆ ಹತ್ತಿರದ ಬಾಗಿಲು, ಇಲ್ಲದವನಿಗೆ ದೂರದ ಬಾಗಿಲು. ಇದಕ್ಕೆ ಅಭಿವೃದ್ಧಿ ಎಂದು ಹೆಸರು!

ಈಗ ಪುತ್ತೂರಿಗೆ ವೈದ್ಯಕೀಯ ಕಾಲೇಜು ಎಂಬ ಮಾತು ಬಂದಿದೆ. 2025ರ ಮಾರ್ಚ್ ತಿಂಗಳ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಪುತ್ತೂರಿನ ಹೆಸರು ಹೇಳಿದರು. ನಾವು ಅದನ್ನು ಸ್ವಾಗತಿಸುತ್ತೇವೆ. ಪುತ್ತೂರು, ಸುಳ್ಯ, ಕಡಬದ ಜನರಿಗೆ ಇದು ಬಿಟ್ಟಿ ದಾನವಲ್ಲ, ಬಹುಕಾಲದ ಬಾಕಿ. ಆದರೆ ಘೋಷಣೆ ಬೇರೆ, ಆಸ್ಪತ್ರೆ ಬೇರೆ. ಸರಕಾರದ ಆಸ್ಪತ್ರೆಯನ್ನು ಕಾಲೇಜಿಗೆ ವಹಿಸಿಕೊಡುವ ಹೊತ್ತಿನಲ್ಲಿ ಒಂದು ಪ್ರಶ್ನೆಯನ್ನು ಮೊದಲೇ ಕೇಳಿಡಬೇಕು: ಕೀಲಿಕೈ ಯಾರ ಸೊಂಟದಲ್ಲಿ?

ಈ ಪ್ರಶ್ನೆ ಹುಟ್ಟಿದ್ದು ನಮ್ಮ ಮಣ್ಣಿನಲ್ಲೇ. ವೆನ್ಲಾಕ್ ಆಸ್ಪತ್ರೆ 1848ರಲ್ಲಿ, ಕಂಪೆನಿ ಸರಕಾರದ ಕಾಲದಲ್ಲಿ ಆರಂಭವಾದದ್ದು. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. ಶುಲ್ಕದ ಬಲದಿಂದ ನಡೆಯುವ ಅಂಥ ಕಾಲೇಜು ಆಗ ದೇಶಕ್ಕೇ ಹೊಸತು. ಕಟ್ಟಡವನ್ನು ಹಣದಿಂದ ಕಟ್ಟಬಹುದು. ರೋಗಿಗಳನ್ನು ಎಲ್ಲಿಂದ ತರುವುದು? ನಮ್ಮ ಜಿಲ್ಲೆ ಆಗ ಮದರಾಸು ಸರಕಾರದ ಕೈಕೆಳಗಿತ್ತು. ಮಂಗಳೂರಿನ ವೆನ್ಲಾಕ್ ಮತ್ತು ಲೇಡಿ ಗೋಷನ್ ಆಸ್ಪತ್ರೆಗಳ ಬಾಗಿಲು ಆ ವಿದ್ಯಾರ್ಥಿಗಳಿಗೆ ತೆರೆಯಿತು. 1993ರಲ್ಲಿ ಆ ಸಂಸ್ಥೆ ವಿಶ್ವವಿದ್ಯಾನಿಲಯದ ಸ್ಥಾನ ಪಡೆಯಿತು. ಸರಕಾರಿ ಆಸ್ಪತ್ರೆಯ ನಂಟು ಮಾತ್ರ ಬಿಡಲಿಲ್ಲ.

ಆ ಕಾಲೇಜಿನ ವೈದ್ಯರು ವೆನ್ಲಾಕಿನಲ್ಲಿ ಸಾವಿರಾರು ಬಡವರಿಗೆ ಚಿಕಿತ್ಸೆ ಕೊಟ್ಟಿದ್ದಾರೆ. ಅದನ್ನು ಇಲ್ಲವೆನ್ನುವುದು ಕೃತಘ್ನತೆ. ನಮ್ಮ ಜಗಳ ವೈದ್ಯರೊಡನೆ ಅಲ್ಲ, ಲೆಕ್ಕದೊಡನೆ. ವೈದ್ಯಕೀಯ ಕಲಿಯುವವನಿಗೆ ಪುಸ್ತಕ ಅರ್ಧ ಪಾಠ. ಇನ್ನರ್ಧ ಪಾಠ ಹಾಸಿಗೆಯ ಮೇಲೆ ಮಲಗಿದ ರೋಗಿ. ಬೀಡಿ ಕಟ್ಟುವ ಹೆಂಗಸಿನ ಕೆಮ್ಮು, ಗೇರುಬೀಜ ಕಾರ್ಖಾನೆಯ ತಾಯಿಯ ಹೆರಿಗೆ, ಹೊರೆಯಾಳಿನ ಮುರಿದ ಕಾಲು, ಇವೇ ಆ ಕಾಲೇಜುಗಳ ಮೂಲಧನ. ಈ ಮೂಲಧನ ಹಾಕಿದವರಿಗೆ ಲಾಭದಲ್ಲಿ ಪಾಲೆಷ್ಟು? ಅವರ ಮಕ್ಕಳಲ್ಲಿ ಎಷ್ಟು ಜನ ಲಕ್ಷಗಟ್ಟಲೆ ಶುಲ್ಕ ತೆತ್ತು ಆ ಬೆಂಚಿನ ಮೇಲೆ ಕೂತಾರು? ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ!

ಇನ್ನೂ ದೊಡ್ಡ ನಷ್ಟ ಬೇರೆಯೇ ಇದೆ. ಬೇರೆಯವರ ಹೆಗಲು ಸಿಕ್ಕಿದ ಸರಕಾರ ತನ್ನ ಕಾಲ ಮೇಲೆ ನಿಲ್ಲುವುದನ್ನೇ ಮರೆಯಿತು. ಹಾಸನ, ಮಂಡ್ಯ, ಶಿವಮೊಗ್ಗ, ರಾಯಚೂರು, ಬೀದರಗಳಲ್ಲಿ ಸರಕಾರಿ ಕಾಲೇಜುಗಳು ಎದ್ದವು. ಕೊಡಗು, ಕಾರವಾರ, ಚಾಮರಾಜನಗರಗಳಿಗೂ ಬಂದವು. ದಕ್ಷಿಣ ಕನ್ನಡದ ಸರದಿ ಬಂದಾಗಲೆಲ್ಲ ನಿಮ್ಮಲ್ಲಿ ಬೇಕಾದಷ್ಟು ಕಾಲೇಜುಗಳಿವೆಯಲ್ಲ ಎಂಬ ಉತ್ತರ.

ಈಗ ದೆಹಲಿಯಿಂದ ಬಂದ ಹೊಸ ಕರಾರನ್ನು ನೋಡೋಣ. 2020ರಲ್ಲಿ ನೀತಿ ಆಯೋಗ ಒಂದು ಮಾದರಿ ಮುಂದಿಟ್ಟಿತು. ಜಿಲ್ಲಾ ಆಸ್ಪತ್ರೆಯನ್ನು ಖಾಸಗಿ ಕಾಲೇಜಿನವನಿಗೆ 60 ವರ್ಷಕ್ಕೆ ವಹಿಸುವುದು. ಅವನು ಕಾಲೇಜು ಕಟ್ಟುವುದು, ಆಸ್ಪತ್ರೆಯನ್ನು ಬೆಳೆಸಿ ನಡೆಸುವುದು. ಹಾಸಿಗೆಗಳಲ್ಲಿ ಎರಡು ಜಾತಿ: ಒಂದು ನಿಯಂತ್ರಿತ ಹಾಸಿಗೆ, ಇನ್ನೊಂದು ಮಾರುಕಟ್ಟೆ ಹಾಸಿಗೆ. ಸುಮಾರು ಅರ್ಧದಷ್ಟು ಮಾರುಕಟ್ಟೆಯದು. ಬಿಟ್ಟಿ ಚಿಕಿತ್ಸೆ ಬೇಕಾದವನು ಅಧಿಕಾರಿಯ ಚೀಟಿ ತರಬೇಕು. ಪುತ್ತೂರು ಪೇಟೆಯಲ್ಲಿ ಅಡಿಕೆಗೆ ಧಾರಣೆ ಇರುವ ಹಾಗೆ ಇನ್ನು ಹಾಸಿಗೆಗೂ ಧಾರಣೆ!

60 ವರ್ಷದ ವಹಿವಾಟಿಗೆ ನಮ್ಮ ಕಡೆ ಹೆಸರಿದೆ: ಮೂಲಗೇಣಿ. ಗೇಣಿಯ ರುಚಿ ಈ ಜಿಲ್ಲೆಗೆ ಹೊಸತಲ್ಲ. ಒಕ್ಕಲೆಬ್ಬಿಸುವ ಭಯದಲ್ಲಿ ಚಾಲಗೇಣಿಯವರು ತಲೆಮಾರು ಕಳೆದರು. 1951ರಲ್ಲಿ ಕಾಗೋಡಿನಲ್ಲಿ ರೈತರು ಎದ್ದರು. 1974ರ ಭೂಸುಧಾರಣೆಯಲ್ಲಿ ಗೇಣಿಯ ಹಗ್ಗ ಕಡಿಯಿತು. ಹೊಲದಲ್ಲಿ ಸತ್ತ ಗೇಣಿ ಆಸ್ಪತ್ರೆಯಲ್ಲಿ ಹುಟ್ಟಬೇಕೇ? ಈ ಕರಾರಿನಲ್ಲಿ ಕಾಲೇಜಿನ ದಣಿಗೆ ಮೂಲಗೇಣಿಯ ಭದ್ರತೆ. ಆಸ್ಪತ್ರೆಯ ನಿಜವಾದ ಒಡೆಯನಾದ ಜನ ಮಾತ್ರ ಚಾಲಗೇಣಿಯ ಒಕ್ಕಲು.

ಸರಕಾರದಲ್ಲಿ ಹಣವಿಲ್ಲ, ತಜ್ಞರು ಬರುವುದಿಲ್ಲ, ಖಾಸಗಿಯವರು ಚೆನ್ನಾಗಿ ನಡೆಸುತ್ತಾರೆ ಎನ್ನುವವರಿದ್ದಾರೆ. ಅವರು ರಾಯಚೂರಿಗೆ ಹೋಗಿ ಬರಲಿ. ಒಪೆಕ್ ನಿಧಿಯ ನೆರವಿನಿಂದ ಸರಕಾರ ಅಲ್ಲಿ 350 ಹಾಸಿಗೆಗಳ ದೊಡ್ಡ ಆಸ್ಪತ್ರೆ ಕಟ್ಟಿ, ಅಪೋಲೋ ಕಂಪೆನಿಯ ಕೈಗೆ ಕೊಟ್ಟಿತು. ಹತ್ತು ವರ್ಷ ಕಳೆದು 2012ರಲ್ಲಿ ಆ ವ್ಯವಸ್ಥೆ ಮುಗಿದು, ಆಸ್ಪತ್ರೆ ಮರಳಿ ಸರಕಾರದ ಕೈಗೇ ಬಂತು. ಗುಜರಾತಿನ ಭುಜ್‌ನಲ್ಲಿ 2001ರ ಭೂಕಂಪಕ್ಕೆ ಕುಸಿದ ಆಸ್ಪತ್ರೆಯನ್ನು ಪ್ರಧಾನಮಂತ್ರಿಗಳ ಪರಿಹಾರ ನಿಧಿಯಿಂದ ಮತ್ತೆ ಕಟ್ಟಿದರು. ಅದು ದೇಶದ ಜನ ಕೊಟ್ಟ ಹಣ. 2009ರಲ್ಲಿ ಅದು ಅದಾನಿ ಸಂಸ್ಥೆಯ ಕಾಲೇಜಿಗೆ ಹೋಯಿತು. ಕಟ್ಟುವಾಗ ಹಣವಿತ್ತು, ನಡೆಸುವಾಗ ಮಾತ್ರ ಹಣವಿಲ್ಲ! ವಿಜಯಪುರದ ಜನ ಇದನ್ನು ಅರಿತೇ 2025ರಲ್ಲಿ ಖಾಸಗಿ ಪಾಲುಗಾರಿಕೆ ಬೇಡ, ಸರಕಾರದ್ದೇ ಕಾಲೇಜು ಬೇಕು ಎಂದು ತಿಂಗಳುಗಟ್ಟಲೆ ಧರಣಿ ಕೂತರು.

ಅಂಗಡಿಯ ಬಂಧುಗಳು ಇದು ಬಡವರ ಗೋಳು, ನಮಗೇನು ಎಂದು ಸುಮ್ಮನಿರಬಾರದು. ಕಾರ್ಖಾನೆಯ ಕೆಲಸಗಾರನಿಗೆ 1948ರ ಕಾಯ್ದೆಯಿಂದ ಬಂದ ಇ.ಎಸ್.ಐ. ಕಾರ್ಡಾದರೂ ಉಂಟು. ಬಿ.ಪಿ.ಎಲ್. ಕುಟುಂಬಕ್ಕೆ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ರಕ್ಷಣೆ ಉಂಟು. ಎ.ಪಿ.ಎಲ್. ಕಾರ್ಡಿನ ಗೂಡಂಗಡಿಯವನಿಗೆ ನಿಗದಿಯಾದ ವೆಚ್ಚದಲ್ಲಿ ಶೇಕಡಾ 30 ಮಾತ್ರ; ಉಳಿದದ್ದು ಅವನ ಗಲ್ಲಾಪೆಟ್ಟಿಗೆಯಿಂದ. ನಾಳೆ ಮಾರುಕಟ್ಟೆ ಹಾಸಿಗೆಗೆ ಮೊದಲು ಬೀಳುವವನು ಅವನೇ. ಒಂದು ಆಪರೇಶನ್ನಿಗೆ ಒಂದು ಅಂಗಡಿ ಮುಚ್ಚಿಹೋಗುತ್ತದೆ.

ತಾಲೂಕು ಆಸ್ಪತ್ರೆ ಕಾಲೇಜಿಗೆ ಸೇರಿದರೆ ಸಾಲದು, ಅದು ಬೆಳೆಯಬೇಕು. 100 ಸೀಟಿನ ಕಾಲೇಜಿಗೆ 420 ಹಾಸಿಗೆ ಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮ ಹೇಳುತ್ತದೆ. ಹಳೆಯ ಆಸ್ಪತ್ರೆಗೆ ಹೊಸ ಬೋರ್ಡು ತೂಗಿಸಿದರೆ ಈ ಲೆಕ್ಕ ಕೂಡುವುದಿಲ್ಲ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿದವರು ಸರಕಾರದ ನಿಗಮದವರೇ. ಕೊಕ್ಕಡ, ಕೊಯಿಲದ ಮಕ್ಕಳು ಇಂದಿಗೂ ಆ ವಿಷದ ಫಲ ಉಣ್ಣುತ್ತಿದ್ದಾರೆ. ವಿಷ ಹಾಕುವಾಗ ಸರಕಾರ, ಮದ್ದು ಕೊಡುವಾಗ ಖಾಸಗಿ ಎಂಬ ನ್ಯಾಯವನ್ನು ನಾವು ಒಪ್ಪುವುದಿಲ್ಲ.

ನಮ್ಮ ಒತ್ತಾಯಗಳು ಇವು:

1. ಪುತ್ತೂರಿನ ಕಾಲೇಜು ಮತ್ತು ಆಸ್ಪತ್ರೆಯ ಒಡೆತನ, ನೇಮಕ, ಆಡಳಿತ ಮೂರೂ ಸರಕಾರದ ಕೈಯಲ್ಲೇ ಇರತಕ್ಕದ್ದು. ಇದು ಆದೇಶದಲ್ಲಿ ಅಚ್ಚಾಗಬೇಕು.

2. ಕಾಲೇಜು ಕಟ್ಟುವ ತನಕ ತಾಲೂಕು ಆಸ್ಪತ್ರೆಯ ಒಂದು ಹಾಸಿಗೆಯೂ, ಒಬ್ಬ ದಾದಿಯೂ ಕಡಿಮೆಯಾಗಕೂಡದು.

3. ಕಡಬಕ್ಕೆ ಪೂರ್ಣ ತಾಲೂಕು ಆಸ್ಪತ್ರೆ, ಸುಳ್ಯದ ಸರಕಾರಿ ಆಸ್ಪತ್ರೆಗೆ ರಾತ್ರಿಹಗಲು ತಜ್ಞರು. ಪುತ್ತೂರಿಗೆ ಕೊಟ್ಟೆವೆಂದು ಇವರಿಬ್ಬರ ಬಾಯಿ ಮುಚ್ಚಿಸಬಾರದು.

4. ವೆನ್ಲಾಕಿನ ಕರಾರನ್ನು ಕನ್ನಡದಲ್ಲಿ ಅಚ್ಚುಹಾಕಿ ಆಸ್ಪತ್ರೆಯ ಬಾಗಿಲಲ್ಲಿ ತೂಗಿಸಬೇಕು. ಯಾರು ಏನು ಕೊಟ್ಟರು, ಏನು ಪಡೆದರು ಎಂದು ಜನ ಓದಲಿ.

5. ಆಸ್ಪತ್ರೆಯ ಸಮಿತಿಯಲ್ಲಿ ಕಾರ್ಮಿಕ ಸಂಘಗಳಿಗೆ ಮತ್ತು ಸಣ್ಣ ವ್ಯಾಪಾರಿಗಳಿಗೆ ಸ್ಥಾನ ಬೇಕು.

ಇದು ಆಗದ ಮಾತಲ್ಲ. ಮೊಳಹಳ್ಳಿ ಶಿವರಾಯರು ಸಹಕಾರದ ಬೀಜ ಬಿತ್ತಿದ ಊರು ಪುತ್ತೂರು. ಬೆಳೆಗಾರರೇ ಕೂಡಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿ, 1986ರಲ್ಲಿ ಇದೇ ಊರಿನಲ್ಲಿ ಚಾಕಲೇಟು ಕಾರ್ಖಾನೆ ತೆರೆದರು. ಜನ ಕೂಡಿ ಕಾರ್ಖಾನೆ ನಡೆಸಬಹುದಾದರೆ, ಜನರ ತೆರಿಗೆಯಿಂದ ಆಸ್ಪತ್ರೆ ನಡೆಸಲು ಸರಕಾರಕ್ಕೇನು ಧಾಡಿ?

ಮುಂದಿನ ಗ್ರಾಮಸಭೆಯಲ್ಲಿ ಈ ಐದು ಒತ್ತಾಯಗಳನ್ನು ನಿರ್ಣಯವಾಗಿ ಬರೆಯಿಸಿರಿ. ಸಂಘದ ಸಭೆಯಲ್ಲಿ, ವರ್ತಕರ ಸಭೆಯಲ್ಲಿ ಓದಿರಿ. ಓಟು ಕೇಳಲು ಬಂದವರಿಂದ ಬಾಯಿಮಾತಲ್ಲ, ರುಜು ಕೇಳಿರಿ. ಜನರ ಬೆವರಿನ ಹಣದಿಂದ ಎದ್ದ ಆಸ್ಪತ್ರೆಯ ಕೀಲಿಕೈ ಜನರಲ್ಲೇ ಉಳಿಯಬೇಕು.