ಕಡತಗಳಿಗೂ ಒಂದು ಹೊಸ್ತಿಲು ಬೇಕು

ಠಾಣಾ ಕುಶನೂರ, ಔರಾದ, ಭಾಲ್ಕಿ ಭಾಗದ ಯಾವ ಧಾನ್ಯ ವರ್ತಕನೂ ಮಾಲನ್ನು ನೋಡದೆ ಗೋದಾಮಿಗೆ ಇಳಿಸಿಕೊಳ್ಳುವುದಿಲ್ಲ. ಹೆಸರು, ಉದ್ದು, ತೊಗರಿ, ಸೋಯಾ ಯಾವುದೇ ಇರಲಿ, ಚೀಲದಿಂದ ಹಿಡಿ ಕಾಳು ತೆಗೆದು ತೇವ, ಹುಳು, ಮಣ್ಣುಗಳನ್ನು ಪರೀಕ್ಷಿಸಿದ ಮೇಲೆಯೇ ತೂಕ. ತೂಕದ ನಂತರವೇ ಗೋದಾಮು. ಆದರೆ ಅದೇ ಅಂಗಡಿಯ ಮುನೀಮ ಇ-ಮೇಲ್‌ನಲ್ಲಿ ಬಂದ ಕಡತವನ್ನು ಕ್ಷಣವೂ ಯೋಚಿಸದೆ, ವರ್ಷಗಳ ಲೆಕ್ಕಪತ್ರವಿರುವ ಕಂಪ್ಯೂಟರಿನಲ್ಲಿಯೇ ತೆರೆಯುತ್ತಾನೆ. ಮಾಲಿಗೆ ಇರುವ ಎಚ್ಚರ ಕಡತಕ್ಕೆ ಇಲ್ಲದಿರುವುದು ವ್ಯಾಪಾರಿ ಜಾಣತನಕ್ಕೆ ಒಪ್ಪುವ ಮಾತಲ್ಲ.

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ವ್ಯಾಪಾರದ ಕಾಗದಪತ್ರವೆಲ್ಲ ಕಡತರೂಪ ತಾಳಿದೆ. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಾಟಕ್ಕೆ ಇ-ವೇ ಬಿಲ್ ಬಂದಿತು. ಗಡಿಗೆ ಹತ್ತಿಕೊಂಡಿರುವ ಈ ಭಾಗದಿಂದ ಉದಗೀರ, ಲಾತೂರಿನ ಕಡೆ 50,000 ರೂಪಾಯಿಗೂ ಮೀರಿದ ಮಾಲು ಹೊರಟಿತೆಂದರೆ ಸಾಮಾನ್ಯವಾಗಿ ಅದು ಜೊತೆಗಿರಲೇಬೇಕು. ತಿಂಗಳ 14ರ ವೇಳೆಗೆ ಜಿಎಸ್‌ಟಿಆರ್-2ಬಿ ಸಿದ್ಧವಾಗುತ್ತದೆ. ಹೂಡುವಳಿ ತೆರಿಗೆಯ ಜಮೆ ಅದನ್ನೇ ಅವಲಂಬಿಸಿದೆ. ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕಡೆಯ ದಿನದಿಂದ 72 ತಿಂಗಳು ಲೆಕ್ಕಪತ್ರವನ್ನು ಕಾಯ್ದಿಡುವುದು ಕಾನೂನಿನ ಕಟ್ಟಳೆ. ಹೀಗಿರುವಾಗ ಕಡತ ಕೆಟ್ಟರೆ ಖಾತೆಪುಸ್ತಕವೇ ಸುಟ್ಟಂತೆ.

ಈ ಭಯ ಕಲ್ಪನೆಯದಲ್ಲ. 2017ರ ಜೂನ್‌ನಲ್ಲಿ ಉಕ್ರೇನ್ ದೇಶದ ವರ್ತಕರು ಬಳಸುತ್ತಿದ್ದ ತೆರಿಗೆ ಲೆಕ್ಕದ ತಂತ್ರಾಂಶವೊಂದರ ಪರಿಷ್ಕೃತ ಕಡತದ ಮೂಲಕವೇ ಒಂದು ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಹರಡಿತು. ಮುಂಬಯಿ ಸಮೀಪದ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್‌ನಲ್ಲಿ ಕಂಟೇನರುಗಳ ಚಲನೆ ನಿಂತುಹೋಯಿತು. ನಂಬಿಕೆಯ ಮೂಲದಿಂದ ಬಂದ ಕಡತವೂ ವಿಷವಾಗಬಹುದೆಂಬುದು ಅದರ ಪಾಠ.

ಇದಕ್ಕೆ ಸುಲಭವಾದ ಒಂದು ತಡೆಯುಂಟು. ಅದೇ ವರ್ಚುವಲ್ ಮಷಿನ್. ಅಂದರೆ ಕಂಪ್ಯೂಟರಿನೊಳಗೆ ತಂತ್ರಾಂಶವೇ ಕಟ್ಟಿಕೊಡುವ ಮತ್ತೊಂದು ಕಂಪ್ಯೂಟರು. ಹೊರಗಿನ ಕಡತಗಳೆಲ್ಲ ಮೊದಲು ಅಲ್ಲಿಗೇ ಇಳಿಯಬೇಕು. 'ವರ್ಚುವಲ್‌ಬಾಕ್ಸ್'ನ ಮೂಲ ತಂತ್ರಾಂಶ ಹಾಗೂ ಅದರೊಳಗೆ ಹಾಕಬಹುದಾದ ಲಿನಕ್ಸ್ ಎರಡೂ ಉಚಿತ. ವಾಣಿಜ್ಯ ಬಳಕೆಗೆ ಹಣ ಕೇಳುವ 'ಎಕ್ಸ್‌ಟೆನ್ಷನ್ ಪ್ಯಾಕ್' ಈ ಕೆಲಸಕ್ಕೆ ಬೇಕಾಗಿಲ್ಲ. 8 ಜಿಬಿ ಮೆಮೊರಿಯಿರುವ ಸಾಮಾನ್ಯ ಕಂಪ್ಯೂಟರಿನಲ್ಲಿ 2ರಿಂದ 4 ಜಿಬಿಯನ್ನು ಇದಕ್ಕೆ ಬಿಟ್ಟುಕೊಟ್ಟರೆ ಕೆಲಸ ಸಾಗುತ್ತದೆ.

ಸಿದ್ಧತೆಯಲ್ಲಿ ಮೂರು ಅಂಶಗಳು ಮುಖ್ಯ. ಮೊದಲನೆಯದು, ಎರಡು ಕಂಪ್ಯೂಟರುಗಳ ನಡುವಣ ಬಾಗಿಲು ಕಿರಿದಾಗಿರಬೇಕು: ಕಾಪಿ-ಪೇಸ್ಟ್ ಹಂಚಿಕೆಯನ್ನು ಮುಚ್ಚಿ, ಒಂದೇ ಒಂದು ಹಂಚಿಕೆಯ ಫೋಲ್ಡರನ್ನು ಇಟ್ಟುಕೊಳ್ಳಬೇಕು; ಲೆಕ್ಕದ ಫೋಲ್ಡರ್ ಅದರ ಕಣ್ಣಿಗೂ ಬೀಳಬಾರದು. ಎರಡನೆಯದು, ಕೆಲಸ ತಾನೇ ನಡೆಯುವಂತೆ ವೇಳೆ ಗೊತ್ತುಪಡಿಸಬೇಕು: ದಿನಕ್ಕೊಮ್ಮೆ ಯಂತ್ರ ಎದ್ದು ಇ-ಮೇಲ್‌ನ ಕಡತಗಳನ್ನು ಇಳಿಸಿ, ವೈರಸ್ ತಪಾಸಣೆ ಮಾಡಿ, ಅಂಗಡಿಗೆ ಬೇಕಾದ ಪಿಡಿಎಫ್, ಎಕ್ಸೆಲ್ ಬಗೆಯವನ್ನಷ್ಟೇ ಹಂಚಿಕೆಯ ಫೋಲ್ಡರಿಗೆ ಹಾಕಬೇಕು. ಮೂರನೆಯದು, ಕೆಲಸ ಮುಗಿದೊಡನೆ 'ಸ್ನ್ಯಾಪ್‌ಶಾಟ್' ಮೂಲಕ ಯಂತ್ರ ಮೊದಲಿನ ಶುದ್ಧ ಸ್ಥಿತಿಗೆ ಮರಳಬೇಕು. ಅಂಗಡಿಯ ಅಂಗಳವನ್ನು ನಿತ್ಯ ಗುಡಿಸಿದ ಹಾಗೆ.

ಸರ್ಕಾರಿ ಪೋರ್ಟಲ್‌ಗಳ ವಿಷಯ ಬೇರೆ. ಇ-ವೇ ಬಿಲ್ ವ್ಯವಸ್ಥೆಯಲ್ಲಿ 2025ರ ಏಪ್ರಿಲ್ 1ರಿಂದ ಎಲ್ಲ ತೆರಿಗೆದಾರರಿಗೂ ಪಾಸ್‌ವರ್ಡಿನ ಜೊತೆಗೆ ಒಟಿಪಿ ಮುಂತಾದ ಎರಡನೆಯ ದೃಢೀಕರಣ ಕಡ್ಡಾಯವಾಯಿತು. ಅದನ್ನು ಯಂತ್ರಕ್ಕೆ ಒಪ್ಪಿಸುವುದು ಸಲ್ಲದು. ಅಲ್ಲಿ ಪ್ರವೇಶ ಮಾಲೀಕನ ಕೈಯಿಂದಲೇ ಆಗಲಿ. ಕಡತ ಮಾತ್ರ ಪ್ರತ್ಯೇಕ ಯಂತ್ರದೊಳಗೆ ಇಳಿಯಲಿ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರರ ಕಂಪ್ಯೂಟರ್ ಕೇಂದ್ರಕ್ಕೆ ಕೊಟ್ಟು, ಖರೀದಿ ದರ, ಗಿರಾಕಿಗಳ ಹೆಸರು, ಬ್ಯಾಂಕ್ ವಿವರಗಳ ಪ್ರತಿಯನ್ನು ಅಲ್ಲಿಯೇ ಬಿಟ್ಟುಬರುವ ರೂಢಿ ಇದರಿಂದ ತಪ್ಪುತ್ತದೆ. ವ್ಯಾಪಾರದ ಗುಟ್ಟು ಅಂಗಡಿಯಲ್ಲಿಯೇ ಉಳಿಯುತ್ತದೆ.

"ಸಣ್ಣ ಅಂಗಡಿಯಲ್ಲಿ ಕದಿಯಲು ಏನಿದೆ?" ಎಂಬ ಆಕ್ಷೇಪ ಸಹಜ. ಲೆಕ್ಕದ ಕಡತಗಳಿಗೆ ಬೀಗ ಹಾಕಿ ಹಣ ಕೇಳುವವನು ಅಂಗಡಿಯ ಗಾತ್ರವನ್ನು ನೋಡುವುದಿಲ್ಲ. ದೊಡ್ಡ ಕಂಪನಿ ಪರಿಣತರನ್ನು ಕರೆಸಿಕೊಳ್ಳುತ್ತದೆ. ಸಣ್ಣ ದಾಲ್ ಮಿಲ್ಲಿನ ಮಾಲೀಕನಿಗೆ ಆ ಅನುಕೂಲವಿಲ್ಲ. ಕಳೆದುಕೊಳ್ಳುವುದು ಕಡಿಮೆಯಾದರೂ ಕಳೆದುದನ್ನು ಮರಳಿ ಕಟ್ಟುವ ಶಕ್ತಿ ಇನ್ನೂ ಕಡಿಮೆ.

ವರ್ಚುವಲ್ ಮಷಿನ್ ಕೂಡ ಅಭೇದ್ಯ ಕೋಟೆಯೇನಲ್ಲ. ತಂತ್ರಾಂಶಗಳನ್ನು ಕಾಲಕಾಲಕ್ಕೆ ಪರಿಷ್ಕರಿಸಬೇಕು; ಕಂಪ್ಯೂಟರಿಗೆ ಜೋಡಿಸದೆ ಬೇರೆಯಾಗಿ ಇಡುವ ಒಂದು ಬ್ಯಾಕಪ್ ಪ್ರತಿ ಇರಲೇಬೇಕು. ಹಣ ವಂಚನೆಯಾದರೆ ತಡಮಾಡದೆ 1930 ಸಹಾಯವಾಣಿಗೆ ತಿಳಿಸಬೇಕು.

ಒಬ್ಬೊಬ್ಬ ವರ್ತಕನೂ ಇದನ್ನು ತಾನೇ ಕಲಿಯುವುದು ಕಷ್ಟ. ಒಮ್ಮೆ ಸರಿಯಾಗಿ ಸಿದ್ಧಪಡಿಸಿದ ಯಂತ್ರದ ಪ್ರತಿಯನ್ನು ಹತ್ತು ಅಂಗಡಿಗಳಿಗೆ ಹಂಚಬಹುದು. ಪಾಸ್‌ವರ್ಡುಗಳನ್ನು ಮಾತ್ರ ಪ್ರತಿಯೊಬ್ಬನೂ ತನ್ನಲ್ಲಿಯೇ ತುಂಬಿಕೊಳ್ಳಬೇಕು. ಆದ್ದರಿಂದ ವರ್ತಕರ ಸಂಘಗಳು ತಾಲ್ಲೂಕು ಮಟ್ಟದಲ್ಲಿ ಮುನೀಮರಿಗಾಗಿ ಒಂದು ದಿನದ ತರಬೇತಿ ಏರ್ಪಡಿಸುವುದು ಯುಕ್ತ. ಮುಂದಿನ ಸುಗ್ಗಿಯ ಮಾಲು ಪೇಟೆಗೆ ಬರುವ ಮುನ್ನ ಗೋದಾಮಿನ ಜೊತೆಗೆ ಕಂಪ್ಯೂಟರೂ ಸಜ್ಜಾಗಿರಲಿ.