ಪಹಣಿ ನಿಮ್ಮ ಹೆಸರಲ್ಲಿದೆ, ವೆಬ್‌ಸೈಟ್ ಯಾರ ಹೆಸರಲ್ಲಿದೆ?

ಪಹಣಿಯಲ್ಲಿ ಒಂದಕ್ಷರ ತಪ್ಪಾದರೆ ನಾಡಕಚೇರಿಗೆ ಹತ್ತು ಸಲ ಅಲೆಯುವ ಜನ ನಾವು. ಅದೇ ನಾವು ಹೋಂಸ್ಟೇಗೋ, ಅಪ್ಪೆಮಿಡಿ ಉಪ್ಪಿನಕಾಯಿಗೋ, ಜೇನುತುಪ್ಪಕ್ಕೋ ಒಂದು ವೆಬ್‌ಸೈಟ್ ಮಾಡಿಸಿದರೆ, ಅದು ಯಾರ ಹೆಸರಲ್ಲಿ ನೋಂದಣಿಯಾಗಿದೆ ಎಂದು ಒಂದು ಮಾತೂ ಕೇಳುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಸುದ್ದಿಗೆ ತಿರುಗುವಾಗ ನಾವು ಈ ಪ್ರಶ್ನೆ ಕೇಳಿದರೆ ಬರುವ ಉತ್ತರ ಹೆಚ್ಚುಕಮ್ಮಿ ಒಂದೇ: "ಅದೆಲ್ಲ ಮಾಡಿಕೊಟ್ಟ ಹುಡುಗನಿಗೇ ಗೊತ್ತು ಮಾರಾಯ್ರೆ."

ಈ ಉತ್ತರ ಬದಲಾಗಬೇಕು. ನಾವು ಹೇಳಹೊರಟಿರುವುದು ಇಷ್ಟೇ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ವೆಬ್‌ಸೈಟ್ ಅಂದರೆ ಒಂದು ವಸ್ತು ಅಲ್ಲ, ಮೂರು. ಒಂದು, ಹೆಸರು. ಅದಕ್ಕೆ ಡೊಮೈನ್ ಅನ್ನುತ್ತಾರೆ. ಎರಡು, ನಿಮ್ಮ ಪುಟ, ಫೋಟೊ ಎಲ್ಲ ಇಡುವ ಜಾಗ. ಅದು ಹೋಸ್ಟಿಂಗ್. ಮೂರು, ಆ ಹೆಸರಿಗೆ ಬರುವ ಟಪಾಲು, ಅಂದರೆ ಇಮೇಲ್. ಮೂರನ್ನೂ ಮೂರು ಕಂಪನಿಯಿಂದ ತೆಗೆದುಕೊಳ್ಳಬಹುದು. ಒಂದನ್ನು ಹಾಗೇ ಇಟ್ಟುಕೊಂಡು ಇನ್ನೊಂದನ್ನು ಬದಲಿಸಬಹುದು. 'ಪ್ಯಾಕೇಜ್' ಮಾರುವವರು ನಿಮಗೆ ಹೇಳದೆ ಬಿಡುವ ಗುಟ್ಟು ಇದೇ.

ಹೋಸ್ಟಿಂಗ್ ಬಾಡಿಗೆ ಮನೆ ಇದ್ದ ಹಾಗೆ. ಸರಿಬರಲಿಲ್ಲ ಅಂದರೆ ಸಾಮಾನು ಕಟ್ಟಿಕೊಂಡು ಬೇರೆ ಕಡೆ ಹೋಗಬಹುದು. ಪುಟಗಳ ಒಂದು ಪ್ರತಿ ನಿಮ್ಮ ಹತ್ತಿರ ಇದ್ದರೆ ಸಾಕು. ಹೆಸರು ಹಾಗಲ್ಲ. ಗಿರಾಕಿಗೆ ಗೊತ್ತಿರುವುದು ಆ ಹೆಸರು. ಬೋರ್ಡ್ ಮೇಲೆ, ಬಿಲ್ ಪುಸ್ತಕದ ಮೇಲೆ, ಡಬ್ಬಿಯ ಲೇಬಲ್ ಮೇಲೆ ಇರುವುದು ಆ ಹೆಸರು. ಹೆಸರು ಹೋದರೆ ಎಲ್ಲವೂ ಹೋಯಿತು.

ಡಾಟ್ ಇನ್ ಹೆಸರುಗಳ ಮೂಲ ದಾಖಲೆ ನಿಕ್ಸಿ ಎಂಬ ಸಂಸ್ಥೆಯ ಕೈಯಲ್ಲಿದೆ. 2003ರಲ್ಲಿ ಶುರುವಾದ ಲಾಭರಹಿತ ಸಂಸ್ಥೆ ಅದು. ಅದರಿಂದ ಮಾನ್ಯತೆ ಪಡೆದು ಹೆಸರು ಮಾರುವವರು ರಿಜಿಸ್ಟ್ರಾರ್‌ಗಳು. ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳಲು ಆಗುವುದಿಲ್ಲ. ಕಂದಾಯದ ಹಾಗೆ ವರ್ಷ ವರ್ಷ ಕಟ್ಟಬೇಕು, ಇಲ್ಲವೇ ಒಟ್ಟಿಗೆ 10 ವರ್ಷದವರೆಗೂ ಕಟ್ಟಿಬಿಡಬಹುದು. ವ್ಯತ್ಯಾಸ ಏನೆಂದರೆ, ಕಂದಾಯ ಒಂದು ವರ್ಷ ಬಾಕಿಯಾದರೆ ತೋಟ ಪಕ್ಕದವನ ಪಾಲಾಗುವುದಿಲ್ಲ. ಇಲ್ಲಿ ಆಗುತ್ತದೆ.

ಡಾಟ್ ಕಾಮ್‌ನಂಥ ಹೆಸರುಗಳಿಗೆ ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮೊದಲು, ಮತ್ತೆ ಒಂದು ವಾರದ ಮೊದಲು ರಿಜಿಸ್ಟ್ರಾರ್ ನೆನಪಿನ ಪತ್ರ ಕಳಿಸಲೇಬೇಕು. ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮ ಅದು. ಆದರೆ ಪತ್ರ ಹೋಗುವುದು ದಾಖಲೆಯಲ್ಲಿರುವ ಇಮೇಲ್‌ಗೆ. ಅದು ಮಾಡಿಕೊಟ್ಟ ಹುಡುಗನದ್ದು, ಹುಡುಗ ಈಗ ಬೆಂಗಳೂರಲ್ಲಿ ಬೇರೆ ಕೆಲಸದಲ್ಲಿದ್ದಾನೆ, ನಂಬರ್ ಬದಲಾಗಿದೆ ಅಂತಾದರೆ? ಹೆಸರು ರದ್ದಾದ ಮೇಲೂ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ ಇರುತ್ತದೆ. ಅದೂ ಖಾತೆ ಇದ್ದವರಿಗೆ. ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು. ಹೀಗೆ ಬಿಟ್ಟುಹೋದ ಹೆಸರುಗಳನ್ನೇ ಕಾಯ್ದು ಹಿಡಿದು ಜೂಜಿನ ಜಾಹೀರಾತು ಹಾಕುವ ಧಂದೆಯೇ ಇದೆ.

ಮಾಡಿಕೊಡುವ ಹುಡುಗರೆಲ್ಲ ಮೋಸಗಾರರು ಅಂತ ನಾವು ಹೇಳುತ್ತಿಲ್ಲ. ಎಷ್ಟೋ ಜನ ಸಹಾಯ ಅಂತಲೇ ತಮ್ಮ ಖಾತೆಯಲ್ಲಿ ಹೆಸರು ತೆಗೆದುಕೊಡುತ್ತಾರೆ. ಆದರೆ ಒಳ್ಳೆಯವನು ಅಂತ ಶಾನುಭೋಗರ ಹೆಸರಿಗೆ ಯಾರಾದರೂ ಜಮೀನು ಬರೆಸುತ್ತಿದ್ದರೇ? ಕೆಲಸಕ್ಕೆ ಕೂಲಿ ಕೊಡಿ, ಚೆನ್ನಾಗಿಯೇ ಕೊಡಿ. ಹೆಸರು ಕೊಡಬೇಡಿ.

ಇಮೇಲ್ ವಿಚಾರವೂ ಅಷ್ಟೇ. ಅಂಗಡಿಯ ಜಿಮೇಲ್ ಖಾತೆಯನ್ನು ಬೇರೆಯವರ ಮೊಬೈಲ್ ನಂಬರ್ ಕೊಟ್ಟು ತೆರೆದಿದ್ದರೆ, ಪಾಸ್‌ವರ್ಡ್ ಮರೆತ ದಿನ ಒಟಿಪಿ ಬರುವುದು ಅವರಿಗೆ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ಸ್ವಂತ ಡೊಮೈನ್‌ನ ಇಮೇಲ್ ಇದ್ದವರಿಗೆ ಇನ್ನೊಂದು ಮಾತು. ನಿಮ್ಮ ಪತ್ರ ಗಿರಾಕಿಯ ಸ್ಪ್ಯಾಮ್‌ಗೆ ಬೀಳುತ್ತಿದ್ದರೆ ಅದು ಹಣೆಬರಹ ಅಲ್ಲ. ಈ ಪತ್ರ ನಿಜಕ್ಕೂ ಇವರದ್ದೇ ಎಂದು ಹೇಳುವ ಎಸ್‌ಪಿಎಫ್, ಡಿಕಿಮ್ ಎಂಬ ದಾಖಲೆಗಳನ್ನು ಡೊಮೈನ್‌ನಲ್ಲಿ ಹಾಕಿರುವುದಿಲ್ಲ. ಪತ್ರ ಕಳಿಸುವ ಎಲ್ಲರೂ ಇವೆರಡರಲ್ಲಿ ಒಂದನ್ನಾದರೂ ಹಾಕಿರಬೇಕು ಎಂದು 2024ರ ಫೆಬ್ರವರಿಯಿಂದ ಜಿಮೇಲ್ ನಿಯಮ ಮಾಡಿದೆ. ಗೊತ್ತಿದ್ದವರಿಗೆ ಸಣ್ಣ ಕೆಲಸ. ಮಾಡಿಕೊಡಿ ಅಂತ ಕೇಳಿ.

ಬಿಲ್ಲಿನಲ್ಲಿ 'ಎಸ್‌ಎಸ್‌ಎಲ್' ಅಂತ ಸಾವಿರಗಟ್ಟಲೆ ಬರೆದಿದ್ದರೆ ಅದನ್ನೂ ಕೇಳಿ. ವಿಳಾಸದ ಹತ್ತಿರ ಬೀಗದ ಗುರುತು ತರುವ ಆ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಿಂದ ಬಿಟ್ಟಿ ಕೊಡುತ್ತಿದೆ. ಸಣ್ಣ ಸೈಟಿಗೆ ಅದು ಧಾರಾಳ ಸಾಕು.

"ನಮಗೆ ಇನ್‌ಸ್ಟಾಗ್ರಾಮ್ ಸಾಕು, ವಾಟ್ಸಾಪ್ ಸಾಕು" ಅನ್ನುವವರು ಬಹಳ. ಬಳಸಿ, ಬೇಡ ಅನ್ನುವವರು ಯಾರು? ಆದರೆ ಅದು ಬೇರೆಯವರ ಜಗುಲಿ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಅದನ್ನೇ ನಂಬಿದ್ದವರ ಅಂಗಡಿ ರಾತ್ರೋರಾತ್ರಿ ಮುಚ್ಚಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ಗಂಟೆ ಒಟ್ಟಿಗೆ ಮಲಗಿದವು. ಸಣ್ಣ ವ್ಯಾಪಾರಿಗಳಿಗೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಮೂಲಕ ಬಿಟ್ಟಿ ವೆಬ್‌ಸೈಟ್ ಕೊಡುತ್ತಿದ್ದ ಗೂಗಲ್ 2024ರ ಮಾರ್ಚ್‌ನಲ್ಲಿ ಅವನ್ನೆಲ್ಲ ನಿಲ್ಲಿಸಿಬಿಟ್ಟಿತು. ಆ ವಿಳಾಸವನ್ನು ಬೋರ್ಡಿಗೆ ಬರೆಸಿಕೊಂಡವರು ಯಾರನ್ನು ಕೇಳಬೇಕು? ಸ್ವಂತ ಹೆಸರಿದ್ದವರು ಆ ಹೆಸರನ್ನು ಬೇರೆ ಜಾಗಕ್ಕೆ ತಿರುಗಿಸಿಕೊಂಡು ಮುಂದೆ ಹೋಗುತ್ತಾರೆ.

ಇನ್ನು ಹುಡುಕಾಟ. "ಗೂಗಲ್‌ನಲ್ಲಿ ನಿಮ್ಮನ್ನು ಒಂದನೇ ನಂಬರ್‌ಗೆ ತರುತ್ತೇವೆ" ಎಂದು ಫೋನ್ ಮಾಡುವವರನ್ನು ನಂಬಬೇಡಿ. ಅಂಥ ಖಾತ್ರಿ ಯಾರೂ ಕೊಡಲಾಗದು ಎಂದು ಗೂಗಲ್ಲೇ ಹೇಳುತ್ತದೆ. ಹುಡುಕಾಟದಲ್ಲಿ ಬರುವುದಕ್ಕೆ ಗೂಗಲ್‌ಗೆ ದುಡ್ಡು ಕಟ್ಟಬೇಕಿಲ್ಲ. ದುಡ್ಡು ಕಟ್ಟಿದ್ದು ಜಾಹೀರಾತು, ಅದಕ್ಕೆ ಬೇರೆ ಗುರುತು ಇರುತ್ತದೆ.

ನಮ್ಮ ಕಡೆಯವರು ಸೋಲುವುದು ಬೇರೆ ಕಾರಣಕ್ಕೆ. ಸಾಗರ ಅಂತ ಮಾತ್ರ ಬರೆದರೆ ಮಧ್ಯಪ್ರದೇಶದ ಸಾಗರವೂ ಬರುತ್ತದೆ. 'ಸಾಗರ, ಶಿವಮೊಗ್ಗ ಜಿಲ್ಲೆ, 577401' ಅಂತ ಪೂರ್ತಿ ಬರೆಯಿರಿ. ಹೊಸನಗರಕ್ಕೆ 577418, ತೀರ್ಥಹಳ್ಳಿಗೆ 577432. ತೀರ್ಥಹಳ್ಳಿಯನ್ನು ಇಂಗ್ಲಿಷಿನಲ್ಲಿ ಜನ ಮೂರ್ನಾಲ್ಕು ರೀತಿ ಬರೆಯುತ್ತಾರೆ, ನಿಮ್ಮ ಪುಟದಲ್ಲಿ ಕನ್ನಡವೂ ಇರಲಿ, ಇಂಗ್ಲಿಷೂ ಇರಲಿ. ಜೋಗಕ್ಕೆ ಎಷ್ಟು ದೂರ, ಮಳೆಗಾಲದಲ್ಲಿ ಕಾರು ಮನೆವರೆಗೆ ಬರುತ್ತದೋ ಇಲ್ಲವೋ, ಊಟಕ್ಕೆ ಏನು ಸಿಗುತ್ತದೆ, ಇದನ್ನು ಬರೆಯಿರಿ. ಜನ ಹುಡುಕುವುದು ಇದನ್ನೇ. ಎಲ್ಲವನ್ನೂ ಒಂದು ಬಣ್ಣದ ಪೋಸ್ಟರ್ ಮಾಡಿ ಅಂಟಿಸಿದರೆ, ಅಕ್ಷರದಷ್ಟು ಸಲೀಸಾಗಿ ಹುಡುಕಾಟಕ್ಕೆ ಸಿಗುವುದಿಲ್ಲ. ಹಳೆಯ ನುಡಿ, ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡ್‌ಗೆ ಬದಲಿಸದೆ ಹಾಕಿದರೆ ಗೂಗಲ್‌ಗೆ ಕಾಣುವುದು ಕನ್ನಡ ಅಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಹತ್ತು ವರ್ಷ ಬರೆದರೂ ಬಾವಿಗೆ ಹಾಕಿದ ಹಾಗೆ.

ಇದನ್ನು ನಮ್ಮ ಸೀಮೆಯವರಿಗೆ ಹೇಳಬೇಕಾಗಿ ಬಂದದ್ದೇ ಬೇಸರ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಗೇಣಿ ಅಳೆಯುವ ಕೊಳಗದ ಅಳತೆಯ ಜಗಳದಿಂದ. ಲೋಹಿಯಾ ಬಂದು ಬಂಧನಕ್ಕೊಳಗಾದರು. ತೀರ್ಥಹಳ್ಳಿ ತಾಲೂಕಿನ ಶಾಂತವೇರಿ ಗೋಪಾಲಗೌಡರು 1952ರಲ್ಲಿ ವಿಧಾನಸಭೆಗೆ ಹೋದರು. ದೇವರಾಜ ಅರಸು ಕಾಲದಲ್ಲಿ, 1974ರ ಮಾರ್ಚ್ 1ರಿಂದ ಭೂಸುಧಾರಣೆ ಜಾರಿಯಾಯಿತು. ಆದರೆ ಆಗಲೂ ಉಳುವವನಿಗೆ ಜಮೀನು ತಾನಾಗಿ ಬಂದು ಸೇರಲಿಲ್ಲ. ಫಾರಂ ನಂಬರ್ 7ರಲ್ಲಿ ಡಿಕ್ಲರೇಷನ್ ಹಾಕಿ, ಭೂ ನ್ಯಾಯಮಂಡಳಿ ಮುಂದೆ ನಿಲ್ಲಬೇಕಿತ್ತು. ಕಾಗದ ಹಾಕದವರು ಉಳುಮೆ ಮಾಡಿಯೂ ಕಳೆದುಕೊಂಡರು. ಆ ಹೋರಾಟದ ಊರಿನ ಮೊಮ್ಮಕ್ಕಳು ಇವತ್ತು ತಮ್ಮ ಅಂಗಡಿಯ ಹೆಸರಿಗೇ ಗೇಣಿದಾರರಾಗಿ ಕೂತಿದ್ದಾರೆ, ಕೊಳಗ ಯಾರ ಕೈಯಲ್ಲಿದೆ ಎಂದೂ ಗೊತ್ತಿಲ್ಲದೆ.

ಹಾಗಾಗಿ ಈ ವಾರವೇ ನಾಲ್ಕು ಕೆಲಸ ಮಾಡಿ.

1. ರಿಜಿಸ್ಟ್ರಾರ್ ಖಾತೆ ಯಾವುದು, ಯಾರ ಹೆಸರು, ಯಾವ ಇಮೇಲ್, ಯಾವ ಮೊಬೈಲ್ ಎಂದು ಕೇಳಿ ಬರೆದುಕೊಳ್ಳಿ. ನಿಮ್ಮದಲ್ಲದಿದ್ದರೆ ಬದಲಿಸಿಕೊಡಲು ಹೇಳಿ.

2. ಆ ಖಾತೆಗೆ ಕೊಡುವ ಇಮೇಲ್ ಅದೇ ಡೊಮೈನ್‌ನದ್ದಾಗಿರಬಾರದು. ಡೊಮೈನ್ ನಿಂತ ದಿನ ಇಮೇಲೂ ನಿಲ್ಲುತ್ತದೆ. ಕೀಲಿಯನ್ನು ಮನೆಯೊಳಗಿಟ್ಟು ಬೀಗ ಹಾಕಿದ ಹಾಗಾಗುತ್ತದೆ.

3. ಅವಧಿ ಮುಗಿಯುವ ತಾರೀಖನ್ನು ಗೋಡೆ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೊದಲ ವರ್ಷ ಅಗ್ಗ, ಎರಡನೇ ವರ್ಷ ದುಬಾರಿ ಆಗುವುದು ಮಾಮೂಲು. ಮೊದಲೇ ಕೇಳಿಕೊಳ್ಳಿ.

4. ಸೈಟಿನ ಪೂರ್ತಿ ಪ್ರತಿಯನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿಸಿ ಇಟ್ಟುಕೊಳ್ಳಿ.

ಕೊಡಲು ಸತಾಯಿಸಿದರೆ ಒಂದು ಮಾತು ನೆನಪಿರಲಿ. ದಾಖಲೆಯಲ್ಲಿ ಮಾಲೀಕರಾಗಿ ನಿಮ್ಮ ಹೆಸರಿದ್ದರೆ, ಡಾಟ್ ಕಾಮ್‌ನಂಥ ಹೆಸರನ್ನು ಬೇರೆ ಕಂಪನಿಗೆ ಒಯ್ಯಲು ಬೇಕಾದ ಗುಪ್ತ ಕೋಡನ್ನು ಕೇಳಿದ ಐದು ದಿನದೊಳಗೆ ರಿಜಿಸ್ಟ್ರಾರ್ ಕೊಡಲೇಬೇಕು. ದಾಖಲೆಯಲ್ಲಿ ನಿಮ್ಮ ಹೆಸರೇ ಇಲ್ಲದಿದ್ದರೆ ಈ ಹಕ್ಕೂ ಇಲ್ಲ.

ಹೋಂಸ್ಟೇ ಮಾಲೀಕರ ಸಂಘಗಳಿಗೆ, ಸೊಸೈಟಿಗಳಿಗೆ, ಸ್ತ್ರೀಶಕ್ತಿ ಸಂಘಗಳಿಗೆ ನಮ್ಮ ಬೇಡಿಕೆ ಒಂದೇ. 'ಡಿಜಿಟಲ್ ತರಬೇತಿ' ಅಂತ ಶಾಲು ಹೊದಿಸಿ ಫೋಟೊ ತೆಗೆಯುವುದು ಆಮೇಲೆ ಆಗಲಿ. ಮೊದಲು ಒಂದು ಪುಟದ ಕರಾರು ಮಾಡಿ: ಡೊಮೈನ್ ಗಿರಾಕಿಯ ಹೆಸರಲ್ಲೇ ಇರಬೇಕು, ಕೆಲಸ ಮುಗಿದ ದಿನ ಪಾಸ್‌ವರ್ಡ್‌ಗಳನ್ನೆಲ್ಲ ಒಪ್ಪಿಸಬೇಕು. ಇದಕ್ಕೆ ಸಹಿ ಹಾಕದವರಿಗೆ ನಿಮ್ಮ ಸದಸ್ಯರು ಯಾರೂ ಕೆಲಸ ಕೊಡಬಾರದು. ಆ ಕರಾರಿನ ಕನ್ನಡ ಕರಡು ಬರೆದುಕೊಡಲು ನಾವು ತಯಾರು. ಕರೆದರೆ ಬರುತ್ತೇವೆ.